ಜಾಮೀನಿಗೆ ಸಹಿ ಹಾಕೋರು ಯಾರು? (ದುಡ್ಡಿನ ಮಾತು, ಭಾಗ 4)

ಮೊದಲ ಫೋಟೋದಲ್ಲಿರೋ ಯೂರೋ ನಾಣ್ಯ ನೋಡಿ. ಒಂದು ಮುಖದಲ್ಲಿ ಯುರೋಪಿನ ಭೂಪಟ, ಅದು ಎಲ್ಲಾ ದೇಶಕ್ಕೂ ಒಂದೇ. ಇನ್ನೊಂದು ಮುಖ ಆಯಾ ದೇಶದ್ದು. ಜರ್ಮನಿಯ 1 ಯೂರೋದಲ್ಲಿ ಹದ್ದು, ಆಸ್ಟ್ರಿಯಾದ್ದರಲ್ಲಿ ಮೊಜಾರ್ಟ್. ಹದ್ದಿನ ನಾಣ್ಯ ಮೊಜಾರ್ಟ್ ಊರಲ್ಲೂ ನಡೆಯುತ್ತೆ.

ಎರಡನೇ ಫೋಟೋ, ನೋಟು. 2002ರಲ್ಲಿ ಬಂದ ಈ ನೋಟಿನ ಮೇಲಿನ ಸೇತುವೆಗಳು ಆಗ ಯಾವ ಊರಲ್ಲೂ ಇರಲಿಲ್ಲ! ಒಂದು ದೇಶದ ಸೇತುವೆ ಹಾಕಿದ್ರೆ ಇನ್ನೊಂದಕ್ಕೆ ಬೇಜಾರು ಅಂತ ಕಲ್ಪನೆಯ ಸೇತುವೆ ಬರೆಸಿದ್ರು.

ಹಾಗಾದ್ರೆ 'ನಾವು ಯುರೋಪಿನವರು' ಅನ್ನೋದೂ ಬರೀ ಕಲ್ಪನೆನಾ? ಕಾಗದದ ಮೇಲಂತೂ ಅಲ್ಲ. 1992ರ ಮಾಸ್ಟ್ರಿಕ್ಟ್ ಒಪ್ಪಂದ ಯುರೋಪಿಯನ್ ಒಕ್ಕೂಟದ ಪೌರತ್ವ ಕೊಟ್ಟಿದೆ. ಅದು ಸ್ವಂತ ದೇಶದ ಪೌರತ್ವದ ಜೊತೆಗೆ ಸಿಗೋದು, ಅದರ ಬದಲಿಗೆ ಅಲ್ಲ.

ಆದ್ರೆ ಕಾಗದ ಸಾಕಾಗಲ್ಲ. ನಮ್ಮ ಮನೆಗಳಲ್ಲೇ ನೋಡಿ, ಮದುವೆ ಊಟಕ್ಕೆ ಐನೂರು ಜನ ಬರ್ತಾರೆ. ಸಾಲಕ್ಕೆ ಜಾಮೀನು ಹಾಕಿ ಅಂದಾಗ ಉಳಿಯೋರು ಇಬ್ರೋ ಮೂವರೋ. ಅವರೇ ನಮ್ಮವರು. ಯುರೋಪಿಗೂ ನಾನು ಇದೇ ಅಳತೆಗೋಲು ಇಡ್ತೀನಿ.

2010ರಲ್ಲಿ ಗ್ರೀಸ್ ಸಾಲದಲ್ಲಿ ಮುಳುಗಿತು. ಯೂರೋ ದೇಶಗಳು ಮತ್ತು ಐಎಂಎಫ್ 110 ಬಿಲಿಯನ್ ಯೂರೋ ಸಾಲ ಕೊಟ್ಟವು, ಜೊತೆಗೆ ಪಿಂಚಣಿ, ಸಂಬಳ ಕಡಿತದ ಷರತ್ತೂ ಇತ್ತು. ಜರ್ಮನ್ನರು 'ನಮ್ಮ ತೆರಿಗೆ ದುಡ್ಡು ಅವರಿಗ್ಯಾಕೆ' ಅಂದ್ರು, ಗ್ರೀಕರು 'ನಮ್ಮ ಮೇಲೆ ಇವರ ದರ್ಬಾರು ಯಾಕೆ' ಅಂದ್ರು. ನಾಣ್ಯ ಒಂದೇ, ಮನಸ್ಸು ಎರಡು.

2020, ಕೋವಿಡ್. ನೆದರ್ಲೆಂಡ್ಸ್, ಆಸ್ಟ್ರಿಯಾ ತರದ ದೇಶಗಳು ಮತ್ತೆ ತಕರಾರು ತೆಗೆದವು. ಆದ್ರೂ ಜುಲೈನಲ್ಲಿ 27 ದೇಶಗಳು ಸೇರಿ, ಒಕ್ಕೂಟದ ಹೆಸರಲ್ಲೇ 750 ಬಿಲಿಯನ್ ಯೂರೋ ಸಾಲ ಎತ್ತೋಕೆ ಒಪ್ಪಿದವು. ಅದರಲ್ಲಿ 390 ಬಿಲಿಯನ್, ಪಡೆದ ದೇಶ ವಾಪಸ್ ಕೊಡಬೇಕಾಗೇ ಇಲ್ಲ. ಎಲ್ಲರೂ ಸೇರಿ 2058ರೊಳಗೆ ತೀರಿಸಬೇಕು. ಅಂದ್ರೆ ಅಲ್ಲಿ ನಮ್ಮ ವಯಸ್ಸಿನವರು ಅರವತ್ತರ ಹತ್ರ ಬರೋವರೆಗೂ!

'ಇದು ಪ್ರೀತಿ ಅಲ್ಲ ಕಣೋ, ಲೆಕ್ಕಾಚಾರ. ಇಟಲಿ ಮುಳುಗಿದ್ರೆ ಜರ್ಮನಿ ಕಾರು ಕೊಳ್ಳೋರು ಯಾರು?' ಅಂತ ನೀವು ಕೇಳಬಹುದು. ಒಪ್ತೀನಿ. ಆದ್ರೆ ಲೆಕ್ಕಾಚಾರ 2010ರಲ್ಲೂ ಇತ್ತು, ಗ್ರೀಸಿಗೆ ಸಾಲ ಕೊಟ್ಟವರಲ್ಲಿ ಜರ್ಮನಿ, ಫ್ರಾನ್ಸ್ ಬ್ಯಾಂಕುಗಳೂ ಇದ್ದವು. ಆಗ ಒಟ್ಟಿಗೆ ಸಾಲ ಮಾಡೋ ಧೈರ್ಯ ಬರಲಿಲ್ಲ, ಈಗ ಬಂತು.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ ಆಯ್ತು. ಆ ಸಾಲ ಎತ್ತೋಕೆ 27 ದೇಶಗಳೂ ತಮ್ಮ ತಮ್ಮ ನಿಯಮದ ಪ್ರಕಾರ ಮಂಜೂರಾತಿ ಕೊಡಬೇಕಿತ್ತು. ಒಂದು ದೇಶ ಬೇಡ ಅಂದಿದ್ರೂ ನಿಂತುಹೋಗ್ತಿತ್ತು. ಡಚ್ಚರು ಡಚ್ಚರಾಗೇ, ಇಟಲಿಯವರು ಇಟಲಿಯವರಾಗೇ ಇದ್ದು ಹೂಂ ಅಂದ್ರು. ಅದಕ್ಕೇ ದೇಶಾಭಿಮಾನ ಬಿಟ್ರೇನೇ ಯುರೋಪಿನವರಾಗೋದು ಅನ್ನೋ ವಾದವನ್ನ ನಾನು ಒಪ್ಪಲ್ಲ. ಜಾಮೀನಿಗೆ ಸಹಿ ಹಾಕೋಕೆ ಸ್ವಂತ ಹೆಸರೇ ಬೇಕು ತಾನೇ?

ನೀವೇನಂತೀರಾ? ಕಾಮೆಂಟಲ್ಲಿ ಜಗಳ ಆಡೋಣ ಬನ್ನಿ.