ಖಾಲಿ ಗ್ಯಾಲರಿಗೆ ಟಿಕೆಟ್ ಕೊಂಡವರು

2021ರ ಜನವರಿ 10ರಂದು ಎಫ್.ಎ. ಕಪ್ ಪಂದ್ಯಕ್ಕೆ ಟಾಟೆನ್‌ಹ್ಯಾಮ್ ಬಂದಿಳಿದದ್ದು ಎಂಟನೇ ದರ್ಜೆಯ ಮರೀನ್ ತಂಡದ ಪುಟ್ಟ ಮೈದಾನಕ್ಕೆ. ಕೊರೋನಾ ಕಾಲ, ಗೇಟು ಬಂದ್. ಪಕ್ಕದ ಮನೆಯವರು ಹಿತ್ತಲ ಬೇಲಿಯಿಂದಲೇ ಇಣುಕಿ ನೋಡಿದರು. ಇನ್ನೂ ಗೋಲಾಗದಿದ್ದಾಗ ಮರೀನಿನ ಹೊಡೆತವೊಂದು ಕ್ರಾಸ್‌ಬಾರಿಗೆ ಬಡಿಯಿತು. ಅದೊಂದು ಒಳಗೆ ಹೋಗಿದ್ದರೆ! ಕೊನೆಗೆ 5-0 ಸೋಲು.

ನಮಗೆ ದೊಡ್ಡದಾಗಿ ಕಂಡದ್ದು ಬೇರೆ. ಒಳಗೆ ಬಿಡೋದಿಲ್ಲ ಅಂತ ಗೊತ್ತಿದ್ದೂ 30 ಸಾವಿರಕ್ಕೂ ಹೆಚ್ಚು ಟಿಕೆಟ್ ಖರ್ಚಾಯಿತು, ತಲಾ 10 ಪೌಂಡ್. ಕೊಂಡವರಲ್ಲಿ ಎದುರಾಳಿ ಅಭಿಮಾನಿಗಳೂ ಇದ್ದರು. ಗೇಟಿನ ದುಡ್ಡಿಲ್ಲದೆ ಸಣ್ಣ ಕ್ಲಬ್ ಉಳಿಯೋದು ಹೇಗೆ ಅಂತ ಅವರಿಗೆ ಗೊತ್ತಿತ್ತು. ನಮ್ಮೂರ ಟೂರ್ನಮೆಂಟ್ ಬಂದಾಗ ಪುಕ್ಕಟೆ ಪಾಸ್ ಸಿಗುತ್ತಾ ಅಂತ ಕೇಳಿದವರಲ್ಲಿ, ಹೇಳೋಕೆ ನಾಚಿಕೆ, ನಾವೂ ಇದ್ದೇವೆ.