ಪೋಕರ್ ಆಟಕ್ಕೆ ಎಂಥ ಮನಶ್ಶಾಸ್ತ್ರ?

ಪೋಕರ್ ಎಂಬ ಇಸ್ಪೀಟಾಟದಲ್ಲಿ ಗೆಲ್ಲುವುದೆಂದರೆ ಎದುರಾಳಿಯ ಮುಖವನ್ನು ಓದುವುದು ಎಂಬ ನಂಬಿಕೆ ವಿದ್ಯಾವಂತರಲ್ಲಿ ಬೇರೂರಿಬಿಟ್ಟಿದೆ. ಕಣ್ಣು ಮಿಟುಕಿಸಿದರೆ ಸುಳ್ಳು, ಬೆರಳು ನಡುಗಿದರೆ ಭಯ, ನಿಟ್ಟುಸಿರು ಬಿಟ್ಟರೆ ಒಳ್ಳೆಯ ಎಲೆ ಎಂದು ಒಂದು ಹೊಸ ಸಾಮುದ್ರಿಕವೇ ಹುಟ್ಟಿಕೊಂಡಿದೆ. ಅದಕ್ಕೆ ಮನಶ್ಶಾಸ್ತ್ರವೆಂಬ ಗೌರವದ ಹೆಸರು ಬೇರೆ! ಸಿನಿಮಾದವರು ಇದನ್ನು ಸಾಕಿದ್ದಾರೆ. ಅಮೆರಿಕದ ಮೈಕ್ ಕ್ಯಾರೊ ೧೯೮೪ರಲ್ಲಿ ಇಂಥ ಅಂಗಚೇಷ್ಟೆಗಳ ಮೇಲೆಯೇ ಒಂದು ಪುಸ್ತಕ ಹೊರತಂದ. ಈ ನಂಬಿಕೆ ಬಹುಮಟ್ಟಿಗೆ ಪೊಳ್ಳು. ಅಷ್ಟೇ ಅಲ್ಲ, ಅಪಾಯಕಾರಿ.

೨೦೧೭ರ ಜನವರಿಯಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ನಡೆದುದನ್ನು ನೋಡಿ. ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದವರು ರಚಿಸಿದ ಲಿಬ್ರಾಟಸ್ ಎಂಬ ಕಂಪ್ಯೂಟರು ನಾಲ್ವರು ನುರಿತ ವೃತ್ತಿಗಾರರೊಡನೆ ೧,೨೦,೦೦೦ ಆಟಗಳನ್ನಾಡಿ ಗೆದ್ದಿತು. ನೋಡಲು ಅದಕ್ಕೆ ಕಣ್ಣಿರಲಿಲ್ಲ, ತೋರಿಸಲು ಮುಖವಿರಲಿಲ್ಲ. ಆದರೂ ಅದು ಕೆಟ್ಟ ಎಲೆ ಹಿಡಿದು ದೊಡ್ಡ ಪಣ ಕಟ್ಟುವ ಹುಸಿಯಾಟವನ್ನು ಸೊಗಸಾಗಿ ಆಡಿತು. ಹುಸಿಯಾಟವೂ ಲೆಕ್ಕದ ಮಾತೇ ಎಂಬುದನ್ನು ಗಣಿತಜ್ಞ ಜಾನ್ ಫಾನ್ ನಾಯ್ಮನ್ ಮತ್ತು ಅರ್ಥಶಾಸ್ತ್ರಜ್ಞ ಮಾರ್ಗೆನ್‌ಸ್ಟರ್ನ್ ೧೯೪೪ರಷ್ಟು ಹಿಂದೆಯೇ ತೋರಿಸಿದ್ದರು. ಒಳ್ಳೆಯ ಎಲೆ ಬಂದಾಗ ಮಾತ್ರ ದೊಡ್ಡ ಪಣ ಕಟ್ಟುವವನ ಎದುರು ಯಾರು ತಾನೇ ನಿಂತಾರು?

ಮುಖಾಮುಖಿ ಕುಳಿತಾಗ ಮುಖವೇನೂ ಹೇಳುವುದಿಲ್ಲವೇ ಎಂದು ಕೇಳಬಹುದು. ಹೇಳುತ್ತದೆ, ಆದರೆ ಕೈ ಭಯಕ್ಕೂ ನಡುಗುತ್ತದೆ, ಹರ್ಷಕ್ಕೂ ನಡುಗುತ್ತದೆ. ಹಿಂದಿನ ಆಟಗಳಲ್ಲಿ ಅವನು ಯಾವ ಎಲೆಗೆ ಎಷ್ಟು ಪಣ ಕಟ್ಟಿದ ಎಂಬ ನೆನಪು ಅದಕ್ಕಿಂತ ನಂಬಿಕೆಯ ಸಾಕ್ಷಿ.

ಹಾಗಾದರೆ ಮನಶ್ಶಾಸ್ತ್ರಕ್ಕೆ ಇಲ್ಲಿ ಕೆಲಸವೇ ಇಲ್ಲವೇ? ಇದೆ, ಆದರೆ ಪರೀಕ್ಷಿಸಬೇಕಾದ ಮನಸ್ಸು ನಮ್ಮದು. ಒಂದು ಉದಾಹರಣೆ: ಕೈಯ ಎರಡು, ಮೇಜಿನ ನಾಲ್ಕು ಎಲೆಗಳಲ್ಲಿ ನಿಮಗೆ ನಾಲ್ಕು ಆಟೀನು ಕೂಡಿವೆ, ಐದನೆಯದು ಬಂದರೆ ಗೆಲುವು. ಬರಬೇಕಾದುದು ಇನ್ನೊಂದೇ ಎಲೆ. ಕಾಣದ ೪೬ ಎಲೆಗಳಲ್ಲಿ ಆಟೀನು ೯. ಎಂದರೆ ಸುಮಾರು ಐದಕ್ಕೆ ಒಂದು. ಮೇಜಿನ ಮೇಲೆ ೩೦೦ ರೂಪಾಯಿ ಇದೆ, ನೀವು ೧೦೦ ಹಾಕಬೇಕು. ಇಂಥ ಐದು ಸಂದರ್ಭಗಳಲ್ಲಿ ನಾಲ್ಕು ಸಲ ನೂರು ನೂರು ಕಳೆದು, ಒಂದು ಸಲ ಮುನ್ನೂರು ಪಡೆಯುತ್ತೀರಿ. ನಷ್ಟ ನೂರು! ಮಾಧ್ಯಮಿಕ ಶಾಲೆಯ ಹುಡುಗನಿಗೂ ತಿಳಿಯುವ ಈ ಲೆಕ್ಕ, ರಾತ್ರಿ ಹನ್ನೊಂದಕ್ಕೆ ಎರಡು ಸಾವಿರ ಸೋತು ಕುಳಿತ ಗೃಹಸ್ಥನಿಗೆ ತಿಳಿಯದು. ಬಂದದ್ದರ ಸಂತೋಷಕ್ಕಿಂತ ಹೋದದ್ದರ ನೋವು ದೊಡ್ಡದು. ಹೋದದ್ದನ್ನು ಹಿಂದಕ್ಕೆ ಪಡೆಯಲು ಮನುಷ್ಯ ಹುಚ್ಚು ಸಾಹಸಕ್ಕೂ ಇಳಿಯುತ್ತಾನೆ ಎಂದು ಮನಶ್ಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವರ್ಸ್ಕಿ ೧೯೭೯ರಲ್ಲಿ ವಿವರಿಸಿದರು. ಸೋಲಿನ ಸಿಟ್ಟಿನಲ್ಲಿ ಬುದ್ಧಿ ಕದಡುವ ಈ ಸ್ಥಿತಿಯನ್ನು ಆಟಗಾರರು 'ಟಿಲ್ಟ್' ಎನ್ನುತ್ತಾರೆ.

ಕನ್ನಡ ಪಾಠ ಹೇಳುವವನಿಗೆ ಜೂಜಿನ ಗೊಡವೆ ಏಕೆ ಎನ್ನಬೇಡಿ. ಕನಕದಾಸರು 'ನಳಚರಿತ್ರೆ'ಗೆ ಆರಿಸಿಕೊಂಡ ಕಥೆ ಜೂಜಿನದೇ ಅಲ್ಲವೆ? ಮಹಾಭಾರತದ ವನಪರ್ವದಲ್ಲಿ ಋತುಪರ್ಣರಾಜ ದಾರಿಯ ತಾರೆಮರವೊಂದರ ಎಲೆಕಾಯಿಗಳನ್ನು ಕ್ಷಣದಲ್ಲಿ ಎಣಿಸಿ ಹೇಳುತ್ತಾನೆ. ಆ ಎಣಿಕೆಯ ವಿದ್ಯೆಯೊಂದಿಗೆ ಅಕ್ಷಹೃದಯವನ್ನೂ ನಳನಿಗೆ ಕೊಡುತ್ತಾನೆ. ಪುಷ್ಕರನ ಹುಬ್ಬು ಹೇಗೆ ಕುಣಿಯುತ್ತದೆ ಎಂದು ಅವನು ಕಲಿಸಲಿಲ್ಲ. ಆ ವಿದ್ಯೆ ಬಂದೊಡನೆಯೇ ನಳನ ಮೈಯೊಳಗಿದ್ದ ಕಲಿ ಹೊರಬಿದ್ದ. ಒಳಗಿನ ಕಲಿ ಹೋದ ಮೇಲೆ ಪುಷ್ಕರನನ್ನು ಗೆಲ್ಲಲು ಒಂದೇ ಆಟ ಸಾಕಾಯಿತು.

ಇನ್ನು ಮುಖ ಓದುವ ಪಂಡಿತರಿಗೆ ಒಂದು ಮಾತು. ಆಟದ ಮನೆಯವರು ಮೇಜಿನ ಹಣದಿಂದ ತಮ್ಮ ಪಾಲನ್ನು ಎತ್ತಿಕೊಳ್ಳುತ್ತಾರೆ. ಆದ್ದರಿಂದ ಕುಳಿತವರೆಲ್ಲ ಒಟ್ಟಾರೆ ಸೋಲಲೇಬೇಕು. ಉಳಿದವರಿಗಿಂತ ತುಸು ಜಾಣನಾದರೆ ಸಾಲದು, ಆ ಪಾಲನ್ನೂ ಮೀರಿಸುವಷ್ಟು ಜಾಣನಾಗಬೇಕು. ಆದರೂ ಮೇಜಿಗೆ ಬಂದವರೆಲ್ಲ ತಾವೇ ಆ ಜಾಣರೆಂದು ನಂಬಿರುತ್ತಾರೆ. ಮನಶ್ಶಾಸ್ತ್ರ ಬೇಕಾದುದು ಈ ನಂಬಿಕೆಯ ಚಿಕಿತ್ಸೆಗೆ. ಎದುರಿನವನ ಕಣ್ಣನ್ನು ಬಿಟ್ಟು ತನ್ನ ಜೇಬನ್ನು ನೋಡಿ, ನಿಶ್ಚಯಿಸಿದ ಹೊತ್ತಿಗೆ ಎದ್ದು ಮನೆಗೆ ಹೋಗಬಲ್ಲವನು ಅದನ್ನು ಕಲಿತಿದ್ದಾನೆ. ಆಗದವನು ಮೇಜಿನ ಹತ್ತಿರವೇ ಹೋಗದಿರುವುದು ಲೇಸು.