ಅಪ್ಪನ ಕಾರಿನ ಫ್ಯಾನ್ ಸ್ವಿಚ್

ಕೆ.ಬಿ. ಕ್ರಾಸ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದೆವು. ಕಿಬ್ಬನಹಳ್ಳಿ ಕ್ರಾಸ್ ಅಂತ ಪೂರ್ತಿ ಹೆಸರು ಹೇಳೋರು ನಮ್ಮ ಕಡೆ ಕಡಿಮೆ. ತುರುವೇಕೆರೆಯಿಂದ ಚಿಕ್ಕನಾಯಕನಹಳ್ಳಿಗೆ ಹೋಗೋ ರಸ್ತೆ ಇಲ್ಲೇ ಬಿ.ಎಚ್. ರಸ್ತೆಯನ್ನು ದಾಟೋದು. ಮುಂದೆ ತೆಂಗಿನಕಾಯಿ ಲಾರಿ, ಹಿಂದೆ ಬಸ್ಸು, ಪಕ್ಕದ ಸೀಟಲ್ಲಿ ಅಪ್ಪ. ಕಾರು ಓಡಿಸ್ತಾ ಇದ್ದದ್ದು ನಾನು. ಅತ್ತೆ ಮನೆಯ ಗೃಹಪ್ರವೇಶಕ್ಕೆ ಹೊರಟಿದ್ವಿ.

ಐದು ನಿಮಿಷ ನಿಂತಿದ್ದೇ ತಡ, ಟೆಂಪರೇಚರ್ ಮುಳ್ಳು ಮೇಲೇರೋಕೆ ಶುರುವಾಯ್ತು. ಅರ್ಧ ದಾಟಿ, ಮುಕ್ಕಾಲು ದಾಟಿ ಕೆಂಪು ಗೆರೆ ಹತ್ತಿರ ಬಂತು.

‘ಅಪ್ಪ, ಗಾಡಿ ಕಾಯ್ತಾ ಇದೆ.’

‘ಸ್ವಿಚ್ ಹಾಕ್ಲಿಲ್ವಾ ನೀನು?’

‘ಯಾವ ಸ್ವಿಚ್ಚು?’

ಅಪ್ಪ ಬಗ್ಗಿ ಸ್ಟೇರಿಂಗ್ ಕೆಳಗೆ ಕೈ ಹಾಕಿ ಏನೋ ಟಕ್ ಅನ್ನಿಸಿದರು. ಮುಂದಿನಿಂದ ಫ್ಯಾನ್ ಸದ್ದು ಬಂತು. ಮೂರ್ನಾಲ್ಕು ನಿಮಿಷಕ್ಕೆ ಮುಳ್ಳು ಇಳೀತು. ‘ಹೇಳಿದ್ದೆ ಅನ್ಕೊಂಡಿದ್ದೆ ಕಣಮ್ಮ’ ಅಂದು ಕಿಟಕಿ ಕಡೆ ತಿರುಗಿ ಕೂತರು.

ಆ ಮಾತು ನನಗೆ ಬೇರೆ ಕಾರಣಕ್ಕೆ ಚುಚ್ಚಿತು. ಎರಡು ತಿಂಗಳ ಹಿಂದೆ ಇದೇ ಕಾರು ತಿಪಟೂರಿನಲ್ಲಿ ಕುದ್ದು ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಅದಕ್ಕೂ ಮುಂಚೆ ಒಂದು ಬೆಳಿಗ್ಗೆ ಬ್ಯಾಟರಿ ಸತ್ತಿತ್ತು. ‘ನಿಮ್ಮಪ್ಪನಿಗೆ ಮರೆವು ಜಾಸ್ತಿಯಾಗಿದೆ, ಗಾಡಿ ಕೊಡೋದು ಬೇಡ’ ಅಂತ ಅಮ್ಮ ಫೋನಿನಲ್ಲಿ ಪಿಸುಗುಡ್ತಿದ್ದಳು. ಕಾರನ್ನು ಗುಜರಿಗೆ ಹಾಕಿಬಿಡೋಣ ಅಂತ ಅಣ್ಣ ಫ್ಯಾಮಿಲಿ ಗ್ರೂಪಲ್ಲಿ ಬರೆದಿದ್ದ. ನಾನೂ ಹೆಬ್ಬೆಟ್ಟು ಒತ್ತಿದ್ದೆ. ಅಪ್ಪನಿಗೆ 71. ಆ ಕಾರು ಹೋದರೆ ತೋಟ, ಸೊಸೈಟಿ, ಸ್ನೇಹಿತರ ಮನೆ ಎಲ್ಲಕ್ಕೂ ಅವರು ಇನ್ನೊಬ್ಬರ ಬೈಕ್ ಕಾಯಬೇಕು.

ಈಗ ವಿಷಯ ಗೊತ್ತಾಯ್ತು. ಎರಡು ವರ್ಷದ ಹಿಂದೆ ಫ್ಯಾನ್ ಓಡ್ತಿಲ್ಲ ಅಂತ ಗಾಡಿ ತಗೊಂಡು ಹೋದಾಗ ಒಬ್ಬ ಮೆಕ್ಯಾನಿಕ್ ಹುಡುಕೋ ತಾಪತ್ರಯವೇ ಬೇಡ ಅಂತ ಬ್ಯಾಟರಿಯಿಂದ ಒಂದು ವೈರ್ ಎಳೆದು, ಒಂದು ಸ್ವಿಚ್ ಕೂರಿಸಿ ‘ಡೈರೆಕ್ಟ್’ ಮಾಡಿಕೊಟ್ಟಿದ್ದ. ಟ್ರಾಫಿಕ್ಕಲ್ಲಿ ಹಾಕಬೇಕು, ಇಳಿಯುವಾಗ ಆರಿಸಬೇಕು. ಹಾಕೋಕೆ ಮರೆತ ದಿನ ಗ್ಯಾಸ್ಕೆಟ್ ಹೋಗಿದೆ. ಆರಿಸೋಕೆ ಮರೆತ ರಾತ್ರಿ ಬ್ಯಾಟರಿ ಹೋಗಿದೆ. ಕಾರು ತಾನೇ ನೆನಪಿಟ್ಟುಕೊಳ್ಳಬೇಕಾಗಿದ್ದನ್ನು ಅಪ್ಪನ ತಲೆಗೆ ಕಟ್ಟಿ, ಅವರಿಗೆ ಮರೆವು ಅಂತ ನಾವು ತೀರ್ಪು ಕೊಟ್ಟಿದ್ವಿ.

ನಮ್ಮದು 1997ರ ಕಾರ್ಬ್ಯುರೇಟರ್ ಗಾಡಿ. ಅದಕ್ಕೂ ಹಿಂದಿನ ಅಂಬಾಸಿಡರ್, ಪದ್ಮಿನಿಗಳಿಗೆ ಈ ರಗಳೆ ಇರಲಿಲ್ಲ. ಅವುಗಳ ಫ್ಯಾನನ್ನು ಎಂಜಿನ್ನೇ ಬೆಲ್ಟ್‌ನಿಂದ ತಿರುಗಿಸುತ್ತಿತ್ತು. 1983ರ ಕೊನೆಗೆ ಮಾರುತಿ 800 ಬಂದಮೇಲೆ ಎಂಜಿನ್ ಅಡ್ಡಡ್ಡ ಕೂರೋ ಕಾರುಗಳು ನಮ್ಮಲ್ಲಿ ಹೆಚ್ಚಾದವು. ಎಂಜಿನ್ ಅಡ್ಡ ಕೂತರೆ ಅದರ ಬೆಲ್ಟ್ ರೇಡಿಯೇಟರ್ ಕಡೆಗೆ ಮುಖ ಮಾಡಿರಲ್ಲ. ಹಾಗಾಗಿ ಫ್ಯಾನಿಗೆ ತನ್ನದೇ ಕರೆಂಟ್ ಮೋಟಾರು ಬೇಕು. ನೀರು ಎಷ್ಟು ಬಿಸಿಯಾಗಿದೆ ಅಂತ ಥರ್ಮೋ ಸ್ವಿಚ್ ನೋಡುತ್ತೆ, ರಿಲೇಗೆ ಹೇಳುತ್ತೆ, ರಿಲೇ ಮೋಟಾರಿಗೆ ಕರೆಂಟ್ ಬಿಡುತ್ತೆ. ಫ್ಯಾನ್ ತಿರುಗದಿದ್ದರೆ ಎಲ್ಲರೂ ಮೋಟಾರನ್ನೇ ಬೈಯ್ತಾರೆ. ಎಷ್ಟೋ ಸಲ ಮೋಟಾರು ಚೆನ್ನಾಗೇ ಇರುತ್ತೆ, ಅದಕ್ಕೆ ‘ತಿರುಗು’ ಅಂತ ಯಾರೂ ಹೇಳಿರಲ್ಲ ಅಷ್ಟೆ.

ಮಾರನೇ ದಿನ ಭಾನುವಾರ. ಅಂಗಳದಲ್ಲಿ ಬಾನೆಟ್ ಎತ್ತಿದೆ. ಅಪ್ಪ ಕುರ್ಚಿ ಹಾಕ್ಕೊಂಡು ಕೂತರು. ನಾನು ಓದಿರೋದು ಕಾಮರ್ಸ್, ಆದರೆ ಇದಕ್ಕೆ ಬೇಕಿರೋದು ಒಂದು ತುಂಡು ವೈರು ಮತ್ತು ತಾಳ್ಮೆ.

ಮೊದಲು ನೋಡಬೇಕಾದ್ದು, ನಿಜವಾಗಲೂ ಇದು ಫ್ಯಾನಿನ ತೊಂದರೇನಾ ಅಂತ. ಅದಕ್ಕೆ ಬಾನೆಟ್ ಎತ್ತೋದೂ ಬೇಡ. ನಿಂತಾಗ ಮುಳ್ಳು ಏರಿ, ಓಡುವಾಗ ಇಳಿದರೆ ಅನುಮಾನ ಫ್ಯಾನಿನ ಮೇಲೆ. ಗಾಡಿ ವೇಗವಾಗಿ ಓಡುವಾಗ ಗಾಳಿ ತಾನಾಗೇ ರೇಡಿಯೇಟರಿಗೆ ನುಗ್ಗುತ್ತೆ, ಫ್ಯಾನ್ ಬೇಕಾಗೋದೇ ಕಡಿಮೆ. ಬಿ.ಎಚ್. ರಸ್ತೆಯಲ್ಲಿ ಎಪ್ಪತ್ತರಲ್ಲಿ ಹೋಗುವಾಗಲೂ ಏರ್ತಾ ಇದ್ದರೆ ಅದು ನೀರು ಸೋರಿಕೆಯೋ, ಕಟ್ಟಿಕೊಂಡ ರೇಡಿಯೇಟರೋ, ವಾಟರ್ ಪಂಪೋ, ಥರ್ಮೋಸ್ಟಾಟೋ. ಅಲ್ಲಿ ಫ್ಯಾನ್ ಬಿಚ್ಚಿ ಪ್ರಯೋಜನವಿಲ್ಲ.

ನಮ್ಮದು ನಿಂತಾಗ ಮಾತ್ರ ಏರೋದು. ಡೈರೆಕ್ಟ್ ಸ್ವಿಚ್ ಹಾಕಿದರೆ ಫ್ಯಾನ್ ಓಡ್ತಿತ್ತು, ಅಂದರೆ ಮೋಟಾರು ಸರಿ ಇದೆ. (ಡೈರೆಕ್ಟ್ ಕರೆಂಟ್ ಕೊಟ್ಟರೂ ಓಡದೆ, ಕೋಲಿನಿಂದ ಮೋಟಾರಿಗೆ ಮೆಲ್ಲಗೆ ತಟ್ಟಿದಾಗ ಓಡಿದರೆ ಒಳಗಿನ ಕಾರ್ಬನ್ ಬ್ರಷ್ ಸವೆದಿದೆ ಅಂತ ಲೆಕ್ಕ. ತಟ್ಟುವಾಗ ಕೈ ದೂರ ಇರಲಿ. ಕೆಲವು ಗಾಡಿಗಳಲ್ಲಿ ಎಂಜಿನ್ ಆರಿಸಿದ ಮೇಲೂ ಫ್ಯಾನ್ ಓಡುತ್ತೆ.)

ಫ್ಯೂಸ್ ತೆಗೆದು ಬೆಳಕಿಗೆ ಹಿಡಿದೆ, ತಂತಿ ತುಂಡಾಗಿರಲಿಲ್ಲ. ರಿಲೇ ನೋಡೋಕೆ ಸುಲಭದ ದಾರಿ ಇದೆ. ಹಾರ್ನಿನ ರಿಲೇ ಅದೇ ನಂಬರಿಂದು, ಅಷ್ಟೇ ಪಿನ್ನಿಂದು ಆಗಿದ್ದರೆ ಎರಡನ್ನೂ ಅದಲು ಬದಲು ಮಾಡಿ. ಫ್ಯಾನಿನ ರಿಲೇ ಹಾಕಿದರೂ ನಮ್ಮ ಹಾರ್ನ್ ಪೀಂ ಅಂತು, ಪಕ್ಕದ ಮನೆ ನಾಯಿ ಎದ್ದು ಬಂತು. ಅಂದರೆ ರಿಲೇಯೂ ಸರಿ.

ಉಳಿದಿದ್ದು ಥರ್ಮೋ ಸ್ವಿಚ್. ಅದರ ಪ್ಲಗ್ ಕಿತ್ತು, ಕೀ ಆನ್ ಮಾಡಿಸಿ, ಪ್ಲಗ್ಗಿನ ಎರಡು ತುದಿಯನ್ನು ವೈರ್ ತುಂಡಿನಿಂದ ಸೇರಿಸಿದೆ. ಆಗ ಫ್ಯಾನ್ ಓಡಿದ್ದರೆ ಸ್ವಿಚ್ಚೇ ಹೋಗಿದೆ ಅಂತ ಅರ್ಥ, ಬದಲಾಯಿಸಿದರೆ ಮುಗೀತು. ನಮ್ಮದರಲ್ಲಿ ಫ್ಯಾನ್ ಓಡಲಿಲ್ಲ. ರಿಲೇ ಟಿಕ್ ಅಂತಲೂ ಅನ್ನಲಿಲ್ಲ. ಅಂದರೆ ಸುದ್ದಿ ದಾರಿಯಲ್ಲೇ ಎಲ್ಲೋ ನಿಂತುಹೋಗಿದೆ. ಒಂದು ಎಚ್ಚರಿಕೆ: ಕಂಪ್ಯೂಟರ್ ಇರೋ ಇಂಜೆಕ್ಷನ್ ಗಾಡಿಯಲ್ಲಿ ಈ ವೈರ್ ಜೋಡಿಸೋ ಆಟ ಬೇಡ. ಅಲ್ಲಿ ಇರೋದು ಸೆನ್ಸರ್, ಸ್ವಿಚ್ಚಲ್ಲ. ಎಸಿ ಹಾಕಿ ನೋಡಿ. ಒಂದೇ ಫ್ಯಾನ್ ಇರೋ ಗಾಡಿಯಲ್ಲಿ ಎಸಿ ಹಾಕಿದಾಗ ಅದು ಓಡಿದರೆ ಮೋಟಾರು ಸರಿ ಇದೆ ಅಂತಾಯ್ತು.

ಇಷ್ಟನ್ನು ಒಂದು ಚೀಟಿಯಲ್ಲಿ ಬರಕೊಂಡು ಸೋಮವಾರ ರಜೆ ಹಾಕಿ ಆಟೋ ಎಲೆಕ್ಟ್ರಿಕಲ್ ಅಂಗಡಿಗೆ ಹೋದೆವು. ಅಲ್ಲಿದ್ದ ಹಿರಿಯರು ಚೀಟಿ ಓದಿ ನಕ್ಕರು. ‘ಮೇಷ್ಟ್ರೇ, ನಿಮ್ಮ ಮಗಳು ಅರ್ಧ ಕೆಲಸ ಮಾಡ್ಕಂಡೇ ಬಂದವ್ರೆ.’ ಟೆಸ್ಟ್ ಲ್ಯಾಂಪ್ ಹಿಡಿದು ವೈರಿನ ಜಾಡಲ್ಲೇ ಹೋಗಿ ಬ್ಯಾಟರಿ ತಟ್ಟೆ ಬಿಚ್ಚಿದರು. ಕೆಳಗೆ ತೆಂಗಿನ ನಾರಿನ ಒಂದು ಪುಟ್ಟ ಹಾಸಿಗೆ. ಇಲಿಯ ಹಳೇ ಗೂಡು. ಪಕ್ಕದಲ್ಲೇ ವೈರು ಕಡಿದುಹೋಗಿತ್ತು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಇರಬೇಕು, ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಡೋವರೆಗೆ. ಅಟ್ಟದ ಕೆಳಗಿನ ಜಾಗ ಖಾಲಿ ತಾನೇ ಅಂತ ಕಾರು ಅಲ್ಲೇ ನಿಲ್ಲಿಸ್ತೀವಿ. ಮೇಲೆ ಇಲಿಗೆ ಊಟ, ಕೆಳಗೆ ಆಗ ತಾನೇ ಬಂದು ನಿಂತ ಬೆಚ್ಚನೆ ಎಂಜಿನ್. ಇನ್ನೆಲ್ಲಿ ಹೋಗುತ್ತೆ ಅದು?

ಅವರು ವೈರು ಬದಲಾಯಿಸಿ, ಮೇಲೆ ಪೈಪು ಹಾಕಿ, ತುಕ್ಕು ಹಿಡಿದಿದ್ದ ಅರ್ತ್ ಬೋಲ್ಟ್ ಉಜ್ಜಿ ಬಿಗಿದರು. ಆಮೇಲೆ ಆ ಡೈರೆಕ್ಟ್ ಸ್ವಿಚ್ ಕಿತ್ತು ನನ್ನ ಕೈಗಿಟ್ಟರು. ಹಿಂಭಾಗದ ಪ್ಲಾಸ್ಟಿಕ್ ಕರಗಿ ಕಂದು ಬಣ್ಣಕ್ಕೆ ತಿರುಗಿತ್ತು. ಇಂಥ ಫ್ಯಾನ್ ಸುಮಾರು ಹತ್ತು ಆಂಪಿಯರ್ ಎಳೆಯುತ್ತೆ. ಅಷ್ಟನ್ನು ಒಂದು ಪುಟ್ಟ ಸ್ವಿಚ್ಚು, ಸಣ್ಣ ವೈರು ಎರಡು ವರ್ಷ ಹೊತ್ತಿದ್ದವು, ಮಧ್ಯೆ ಫ್ಯೂಸೂ ಇಲ್ಲದೆ. ಸ್ಟೇರಿಂಗ್ ಕೆಳಗೆ, ಅಪ್ಪನ ಮೊಣಕಾಲಿನ ಹತ್ತಿರ. ಒಟ್ಟು ಬಿಲ್ಲು 650 ರೂಪಾಯಿ.

ರಸ್ತೆಯಲ್ಲಿ ನಿಮ್ಮ ಗಾಡಿ ಹೀಗೆ ಕಾದರೆ ಮೊದಲು ಎಸಿ ಆರಿಸಿ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರಾಗಿ ಹಾಕಿ, ಗಾಜು ಇಳಿಸಿ. ಬೇಸಿಗೆಯಲ್ಲಿ ಇದು ಹುಚ್ಚು ಅನ್ನಿಸುತ್ತೆ. ಆದರೆ ಎಂಜಿನ್ನಿನ ಬಿಸಿಯೇ ಆ ದಾರಿಯಲ್ಲಿ ಹೊರಗೆ ಬರೋದು. ಆದರೂ ಇಳಿಯದಿದ್ದರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿ, ಕನಿಷ್ಠ ಅರ್ಧ ಗಂಟೆ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಒಳಗಿನ ನೀರು 100 ಡಿಗ್ರಿ ದಾಟಿದರೂ ಒತ್ತಡದಿಂದಾಗಿ ಕುದಿಯದೆ ನಿಂತಿರುತ್ತೆ. ಮುಚ್ಚಳ ತಿರುಗಿಸಿದ ತಕ್ಷಣ ಒಟ್ಟಿಗೇ ಮುಖಕ್ಕೆ ಚಿಮ್ಮುತ್ತೆ. ‘ನಿಧಾನಕ್ಕೆ ಬಿಚ್ತೀನಿ’ ಅಂದುಕೊಂಡು ಸುಟ್ಟುಕೊಂಡವರು ನಮ್ಮೂರಲ್ಲೇ ಇದ್ದಾರೆ.

ಅಪ್ಪನಿಗೆ ಮರೆವು ಇಲ್ಲವೇ ಇಲ್ಲ ಅಂತ ನಾನು ಹೇಳ್ತಿಲ್ಲ. ಮುಂದಿನ ತಿಂಗಳು ಡಾಕ್ಟರ ಹತ್ತಿರ ಒಮ್ಮೆ ತೋರಿಸೋದು ಅಂತ ಮಾತಾಗಿದೆ, ಅವರೂ ಒಪ್ಪಿದ್ದಾರೆ. ಆದರೆ ಗ್ರೂಪಲ್ಲಿ ಆ ಗುಜರಿ ಮೆಸೇಜಿನ ಕೆಳಗೆ ಕರಗಿದ ಸ್ವಿಚ್ಚಿನ ಫೋಟೋ ಹಾಕಿ, ನನ್ನ ಹೆಬ್ಬೆಟ್ಟನ್ನು ವಾಪಸ್ ತಗೊಂಡೆ. ಅಣ್ಣ ಇನ್ನೂ ಏನೂ ಬರೆದಿಲ್ಲ.

ಮೊನ್ನೆ ರಾತ್ರಿ ಅಪ್ಪ ಫೋನ್ ಮಾಡಿದ್ದರು. ಗಾಡಿ ಈಗ ಅಟ್ಟದ ಕೆಳಗಿಲ್ವಂತೆ, ಹುಣಸೆ ಮರದಡಿ ಶೀಟ್ ಹಾಕಿಸಿದ್ದಾರೆ. ‘ಸಂಜೆ ಸ್ಟಾರ್ಟ್ ಮಾಡಿ ಸುಮ್ನೆ ಕೂತಿದ್ದೆ ಕಣಮ್ಮ. ಹತ್ತು ನಿಮಿಷಕ್ಕೆ ತಾನೇ ಬಂತು ಫ್ಯಾನು, ತಾನೇ ನಿಂತ್ಕೊಂತು. ಮತ್ತೆ ಬರುತ್ತೇನೋ ಅಂತ ಕಾದೆ, ಅದೂ ಬಂತು.’

‘ಪೆಟ್ರೋಲ್ ಸುಮ್ನೆ ಉರಿಸ್ತೀಯಲ್ಲಪ್ಪ’ ಅಂದೆ.

‘ನಿಮ್ಮಮ್ಮನೂ ಅದನ್ನೇ ಅಂದ್ಲು’ ಅಂದರು.